ಒಂದು ಗೇಣು ಸೂರು

ನನಗಿಂತ ಮೊದಲು ಈ ಮನೆಗೆ ಯಜಮಾನರಾಗಿದ್ದ ಅಣ್ಣನವರಿಗೆ,

ನಮಸ್ಕಾರ. ನೀವು ತೀರಿಕೊಂಡು ಎಂಟು ವರ್ಷವಾಯಿತು. ನಾನು ನಿಮ್ಮ ಹೆಂಡತಿಯನ್ನು ಮದುವೆಯಾಗಿ ಮೂರು ವರ್ಷ. ಸತ್ತವರಿಗೆ ಕಾಗದ ಬರೆಯುವುದು ತಲೆ ಕೆಟ್ಟವರ ಕೆಲಸ ಎಂದು ನನಗೂ ಗೊತ್ತು. ಆದರೆ ಈ ಮಾತನ್ನು ಹೇಳಬೇಕಾದ ಒಬ್ಬಳಿಗೆ ಹೇಳುವ ಧೈರ್ಯ ನನಗಿಲ್ಲ, ಮಿಕ್ಕವರಿಗೆ ಹೇಳಿದರೆ ನಾಳೆ ಊರೆಲ್ಲ ಡಂಗುರ. ಹಾಗಾಗಿ ಅಂಗಡಿಯ ಬಾಗಿಲನ್ನು ಅರ್ಧ ಎಳೆದು, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಕಾಗದ ಹರವಿಕೊಂಡು ಕೂತಿದ್ದೇನೆ.

ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಮೇಲೆ ನನಗೆ ಹೊಟ್ಟೆಕಿಚ್ಚು. ಬದುಕಿರುವವರ ಮೇಲಿನ ಹೊಟ್ಟೆಕಿಚ್ಚಿಗೆ ಒಂದಲ್ಲ ಒಂದು ದಿನ ಮದ್ದು ಸಿಗುತ್ತದೆ. ಅವರಿಗೂ ಬೊಜ್ಜು ಬರುತ್ತದೆ, ಮಂಡಿ ಹಿಡಿದುಕೊಳ್ಳುತ್ತದೆ, ಎಲ್ಲೋ ಒಂದು ಕಡೆ ಎಡವಿ ನಗೆಪಾಟಲಾಗುತ್ತಾರೆ. ಸತ್ತವರ ತಲೆ ಬೋಳಾಗುವುದಿಲ್ಲ, ಅಣ್ಣ. ನೀವು ಮೂವತ್ತೆಂಟರಲ್ಲಿ ನಿಂತುಬಿಟ್ಟಿರಿ. ನನಗೆ ಬರುವ ತಿಂಗಳು ನಲವತ್ತೇಳು.

ನಿಮಗೆ ನೆನಪಿದೆಯೋ ಇಲ್ಲವೋ, ಒಂದು ಸಲ ನನ್ನ ಅಂಗಡಿಗೆ ಬಂದಿದ್ದಿರಿ, ಎರಡು ಅಂಗಿ ಹೊಲಿಸಲು. ನನ್ನ ಹಳೆಯ ಅಳತೆ ಪುಸ್ತಕದಲ್ಲಿ ನೀವು ಇನ್ನೂ ಇದ್ದೀರಿ: ಎದೆ ನಲವತ್ತೆರಡು, ಭುಜ ಹತ್ತೊಂಬತ್ತು. ಟೇಪು ಹಿಡಿದಾಗ 'ತೋಳು ಸ್ವಲ್ಪ ಸಡಿಲ ಬಿಡಿ ಟೈಲರೇ, ನಾನು ದಿನವಿಡೀ ಕೈ ಮೇಲೆತ್ತಿಕೊಂಡೇ ಇರೋನು' ಎಂದು ನಕ್ಕಿದ್ದಿರಿ. ನನ್ನ ಎದೆಯ ಅಳತೆ ಮೂವತ್ತಾರು. ಮದುವೆಯಾದ ವಾರ ಆ ಪುಟವನ್ನು ಹರಿದುಹಾಕಲು ಹೋಗಿ, ಹರಿಯದೆ ಮುಚ್ಚಿಟ್ಟೆ. ಕೈಲಾಗದವನು ಮೈ ಪರಚಿಕೊಂಡ ಅನ್ನುತ್ತಾರಲ್ಲ, ಆ ಗಾದೆ ನನ್ನನ್ನು ನೋಡಿಯೇ ಹುಟ್ಟಿರಬೇಕು.

ಅವಳು ನಿಮ್ಮ ಮಾತನ್ನು ಹೆಚ್ಚು ಎತ್ತುವುದಿಲ್ಲ. ಎತ್ತಿದರೆ 'ಅವರು' ಎನ್ನುತ್ತಾಳೆ. ಅಕ್ಕಪಕ್ಕದವರ ಹತ್ತಿರ ನನ್ನ ವಿಷಯ ಬಂದರೆ 'ಇವರು'. ಎದುರಿಗೇ ಇರುವವನು 'ಇವರು' ಆಗುವುದು ಸರಿಯೇ. ಆದರೂ ಆ 'ಅವರು' ಅನ್ನುವಾಗ ಅವಳ ಕಣ್ಣು ಸುಮ್ಮನೆ ಒಮ್ಮೆ ಮೇಲೆ ಹೋಗುತ್ತದೆ. ಸ್ವರ್ಗಕ್ಕಲ್ಲ, ಹೆಂಚಿಗೆ. ಊರಿನ ಹೆಂಚಿನ ಮೇಸ್ತ್ರಿ ನೀವೇ ಕೈಯಾರೆ ಹೊದಿಸಿದ ಮಾಡಿಗೆ. ಮೂರು ವರ್ಷ ನಾನು ಮಲಗಿದ್ದು, ಎದ್ದದ್ದು, ಉಂಡದ್ದು, ಅವಳ ಜೊತೆ ಜಗಳವಾಡಿದ್ದು ಎಲ್ಲವೂ ನಿಮ್ಮ ಅಂಗೈಯ ಕೆಳಗೇ. ನನಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅವಳು ಒಂದೇ ಒಂದು ಸಲ ಈ ಮನೆಯನ್ನು ನನ್ನದು ಅಂದುಕೊಳ್ಳಬೇಕು, ಅಷ್ಟೇ.

ಕಳೆದ ವರ್ಷ ಮಾಡು ತಾನಾಗಿಯೇ ನನ್ನ ಕೈಗೆ ಸಿಕ್ಕಿತು. ಇಪ್ಪತ್ತು ವರ್ಷದ ಉಪ್ಪುಗಾಳಿಗೆ ಹೆಂಚು ಕೂರುವ ರೀಪಿನ ಮರ ಪುಡಿಪುಡಿಯಾಗಿತ್ತು, ಹೆಂಚುಗಳು ನೀರು ಕುಡಿದು ಒಳಗೆಲ್ಲ ತೇವ. ನನಗೆ ಒಳಗೊಳಗೇ ಖುಷಿ. 'ಹೆಂಚಿನ ಸಹವಾಸವೇ ಬೇಡ, ಶೀಟು ಹಾಕಿಸೋಣ, ಎರಡೇ ದಿನದ ಕೆಲಸ' ಎಂದೆ. ಅವಳು ಆಸ್ಪತ್ರೆಯ ಡ್ಯೂಟಿಗೆ ಹೊರಟಿದ್ದಳು. ಚಪ್ಪಲಿ ಹಾಕುತ್ತಲೇ 'ಬಿರುಗಾಳಿ ಬಂದ ಮೇಲೆ ಪ್ರತಿ ಸಲ ನಾನು ಹೊಲಿಗೆ ಹಾಕೋ ಗಾಯ ಎಲ್ಲ ಹಾರಿ ಬಂದ ಶೀಟಿಂದಲೇ. ನಮಗೆ ಹೆಂಚೇ ಇರಲಿ' ಎಂದು ಹೊರಟುಹೋದಳು. ನರ್ಸಿನ ಮಾತಿಗೆ ಟೈಲರು ಏನು ಹೇಳುವುದು? ಆದರೆ ನನ್ನ ಕಿವಿಗೆ ಬಿದ್ದದ್ದು ಬೇರೆ. ಅವರ ಹೆಂಚನ್ನು ಬಿಟ್ಟುಕೊಡಲು ಇವಳಿಗೆ ಮನಸ್ಸಿಲ್ಲ ಅಂತಲೇ ಕೇಳಿಸಿತು.

ಹೆಂಚಿನ ಅಂಗಡಿಗೆ ಇಬ್ಬರೂ ಹೋದೆವು. ಅಂಗಳದ ತುಂಬ ಸಾಲುಸಾಲಾಗಿ ಒರಗಿಸಿಟ್ಟಿದ್ದರು. ನನ್ನ ಕಣ್ಣು ಬಿದ್ದದ್ದು ನೀಲಿ ಮೆರುಗಿನ, ಕೊಳವೆಯನ್ನು ಉದ್ದಕ್ಕೆ ಸೀಳಿದಂಥ ಬಾಗಿದ ಹೆಂಚಿನ ಮೇಲೆ. ಊರಲ್ಲಿ ಯಾರ ಮನೆಗೂ ಇಲ್ಲ. ದೂರದಿಂದ ನೋಡಿದವರು ಇದು ಟೈಲರ ಮನೆ ಎನ್ನಬೇಕು, ಅದು ನನ್ನ ಲೆಕ್ಕಾಚಾರ. ಅವಳು ಅದರತ್ತ ತಿರುಗಿಯೂ ನೋಡಲಿಲ್ಲ. ಚಪ್ಪಟೆ ಮಣ್ಣಿನ ಹೆಂಚುಗಳ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಒಂದೊಂದನ್ನೇ ಎತ್ತಿ ಬೆರಳ ಗಿಣ್ಣಿನಿಂದ ಬಡಿದು ಕಿವಿಗೊಟ್ಟಳು. ಠಣ್ ಎಂದದ್ದು ಬಲಕ್ಕೆ, ದಬ್ ಎಂದದ್ದು ಎಡಕ್ಕೆ. ಒಂದರ ಅಂಚು ಇನ್ನೊಂದರ ತೋಡಿನೊಳಗೆ ಕೂರುತ್ತದೋ ಎಂದು ಜೋಡಿಸಿ ನೋಡಿದಳು, ತಂತಿ ಕಟ್ಟುವ ತೂತಿಗೆ ಕಿರುಬೆರಳು ತೂರಿಸಿದಳು. ಕಾಯಿಲೆಯವರ ನಾಡಿ ನೋಡುವಾಗ ಇರುವ ಮುಖವೇ ಅವಳಿಗೆ ಆಗಲೂ ಇತ್ತು.

ಅಂಗಡಿಯವನು ಬಾಯ್ತುಂಬ ನಕ್ಕು 'ಮೇಸ್ತ್ರಿ ಕಲಿಸಿದ್ದಲ್ವಾ ಅಕ್ಕ? ಅವರೂ ಹೀಗೇ, ಬಡಿದು ನೋಡದೆ ಒಂದು ಹೆಂಚು ಎತ್ತಿದವರಲ್ಲ' ಎಂದ. ಆಮೇಲೆ ನನ್ನ ಕಡೆ ತಿರುಗಿ, 'ಆ ನೀಲಿ ಚೆಂದವೇ ಸಾರ್, ಆದ್ರೆ ಉಬ್ಬಿರೋದ್ರಿಂದ ಗಾಳಿಗೆ ಹಿಡ್ಕೊಳ್ಳೋಕೆ ಸಲೀಸು. ಒಳನಾಡಿಗೆ ಸರಿ' ಎಂದು ಸಮಾಧಾನ ಹೇಳಿದ. ಆ ಸಮಾಧಾನಕ್ಕಿಂತ ಎರಡೇಟು ಕೊಟ್ಟಿದ್ದರೆ ವಾಸಿಯಾಗಿತ್ತು. ಎಂಟು ವರ್ಷದ ಹಿಂದೆ ಹೋದವರು ಅಂಗಡಿಯಲ್ಲಿ ನಿಂತು ಹೆಂಚು ಆರಿಸುತ್ತಿದ್ದೀರಿ, ಬದುಕಿರುವ ನಾನು ಚೀಲ ಹಿಡಿದುಕೊಂಡಿದ್ದೇನೆ! ಹೆಂಚು ಅವಳು ಹೇಳಿದ್ದೇ ಆಯಿತು.

ಕೆಲಸಕ್ಕೆ ಬಂದವನು ನಿಮ್ಮ ಶಿಷ್ಯನೇ, ಈಗ ತಾನೇ ಮೇಸ್ತ್ರಿಯಾಗಿರುವ ಬೆಕ್ಕು. ಮಾಡಿನ ಮೇಲೆ ಸದ್ದಿಲ್ಲದೆ ಓಡಾಡುವುದರಿಂದ ಅವನಿಗೆ ಆ ಹೆಸರು ಇಟ್ಟವರೂ ನೀವೇ ಅಂತೆ. ಒಂದು ಹೆಂಚನ್ನೂ ಬಿಡದೆ ತಾಮ್ರದ ತಂತಿಯಿಂದ ರೀಪಿಗೆ ಬಿಗಿಯಬೇಕು, ಸೂರು ಗೋಡೆಯಿಂದ ಒಂದು ಗೇಣು ಮಾತ್ರ ಹೊರಗೆ ಚಾಚಬೇಕು, ಇದು ಅವಳ ಅಪ್ಪಣೆ. ನನಗೆ ಆ ಗೇಣು ಕಣ್ಣಿಗೆ ಚುಚ್ಚಿತು. ನಿಮ್ಮ ಹಳೆಯ ಸೂರೂ ಗೇಣೇ ಇತ್ತು. ಜಿಪುಣನ ಅಂಗಿಯ ಹಾಗೆ, ಮೈಗೆ ಸಾಕಾದಷ್ಟು ಮಾತ್ರ. ಬಟ್ಟೆಯ ಕೆಲಸದಲ್ಲಿ ಮೂವತ್ತು ವರ್ಷ ನಾನು ಕಲಿತದ್ದು ಒಂದೇ: ಅಂಚಿಗೆ ಧಾರಾಳವಾಗಿ ಬಿಡು, ಮುಂದೆ ಒಳ್ಳೆಯದಾಗುತ್ತದೆ. ಅವಳು ಡ್ಯೂಟಿಗೆ ಹೋದ ಹೊತ್ತಿನಲ್ಲಿ ನಾನೇ ಟೇಪು ಹಿಡಿದು ಸಮುದ್ರದ ಕಡೆಯ ಗೋಡೆಯ ಹತ್ತಿರ ನಿಂತೆ. ಈ ಕಡೆ ಒಂದು ಮೊಳ ಬಿಡು, ಅಡುಗೆಮನೆಯ ಕಿಟಕಿಗೆ ನೆರಳಾಗುತ್ತದೆ ಎಂದೆ.

ಬೆಕ್ಕು ತಲೆ ಕೆರೆದುಕೊಂಡ. 'ಬೇಡ ಸಾರ್. ಗೇಣಿಗಿಂತ ಜಾಸ್ತಿ ಬಿಟ್ರೆ ಗಾಳಿ ಕೆಳಗಿಂದ ಕೈ ಹಾಕುತ್ತೆ. ನಮ್ಮ ಮೇಸ್ತ್ರಿ ಯಾವಾಗಲೂ...'

'ನಿಮ್ಮ ಮೇಸ್ತ್ರಿ ಇಲ್ಲಿಲ್ಲ, ನಾನಿದ್ದೀನಿ' ಎಂದುಬಿಟ್ಟೆ. ಅವನು ಮೊಳಕ್ಕೆ ಗುರುತು ಹಾಕಿಕೊಂಡ. ಸಂಜೆ ಅವಳು ಬಂದು ಅಂಗಳದಲ್ಲಿ ನಿಂತು ಸೂರನ್ನು ತುಂಬ ಹೊತ್ತು ನೋಡಿದಳು. 'ನೆರಳಿಗೆ' ಎಂದೆ. 'ಹ್ಞೂಂ' ಎಂದು ಒಳಗೆ ಹೋದಳು. ಬೈದಿದ್ದರೆ ಜಗಳವಾಡಬಹುದಿತ್ತು. ಆಮೇಲಿನ ಆರು ತಿಂಗಳು ನಾನು ದಿನಾ ಆ ಸೂರಿನ ಕೆಳಗೆ ಕುರ್ಚಿ ಹಾಕಿಕೊಂಡು ಪೇಪರು ಓದಿದೆ. ನಿಮ್ಮದಲ್ಲದ ಜಾಗ ಇಡೀ ಮನೆಯಲ್ಲಿ ಅದೊಂದೇ ಇತ್ತು.

ಗಾಳಿ ಬಂದದ್ದು ಹೋದ ಸೋಮವಾರ. ಎರಡು ದಿನ ಮೊದಲೇ ರೇಡಿಯೋದಲ್ಲಿ ಎಚ್ಚರಿಸಿದ್ದರು. ರಾತ್ರಿಯ ಡ್ಯೂಟಿ ಮುಗಿಸಿ ಬಂದವಳು ನನ್ನಿಂದ ಕಿಟಕಿಗಳಿಗೆ ಹಲಗೆ ಹೊಡೆಸಿದಳು, ಬಕೆಟ್ಟುಗಳಿಗೆ ನೀರು ತುಂಬಿಸಿದಳು. ಮಧ್ಯಾಹ್ನ ಎರಡರ ಹೊತ್ತಿಗೆ ನಡುಕೋಣೆಯಲ್ಲಿ ಹಾಸಿಗೆಯನ್ನು ಬಾಗಿಲಿಗೆ ಒರಗಿಸಿ ಗೋಡೆಗೆ ಬೆನ್ನು ಕೊಟ್ಟು ಕೂತೆವು. ಅಂಥ ಸದ್ದನ್ನು ನಾನು ಕೇಳಿರಲಿಲ್ಲ, ಅಣ್ಣ. ನೀವು ತೀರಿಕೊಂಡ ಆ ದೊಡ್ಡ ಗಾಳಿಯ ದಿನ ನಾನು ಬಟ್ಟೆ ತರಲು ಬೇರೆ ಊರಿಗೆ ಹೋಗಿದ್ದೆ. ಮೊದಲು ಅಡುಗೆಮನೆಯ ಕಡೆ ಟಕಟಕ ಶುರುವಾಯಿತು. ಆಮೇಲೆ ಯಾರೋ ಸೆಣಬಿನ ಚೀಲ ಹರಿದಂತೆ ಉದ್ದನೆಯ ಸದ್ದು. ನನ್ನ ಮೊಳದುದ್ದದ ಸೂರು ಎದ್ದುಹೋಯಿತು. ಹೋಗುವಾಗ ಅಡುಗೆಮನೆಯ ಮೇಲಿನ ಎರಡು ಸಾಲು ಹೆಂಚನ್ನೂ ಕರೆದುಕೊಂಡು ಹೋಯಿತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಿಕ್ಕ ಮಾಡು ಕಿರುಗುಟ್ಟಿತೇ ಹೊರತು ಒಂದು ಹೆಂಚು ಕದಲಲಿಲ್ಲ, ಎಲ್ಲ ಅವಳ ತಾಮ್ರದ ತಂತಿಯ ಪುಣ್ಯ. ಈಗ ಹೇಳುತ್ತಾಳೆ, ಅವರಿದ್ದಿದ್ದರೆ ಹೀಗಾಗುತ್ತಿರಲಿಲ್ಲ ಅಂತ ಹೇಳಿಯೇ ಹೇಳುತ್ತಾಳೆ ಎಂದು ನಾನು ಹಲ್ಲು ಕಚ್ಚಿ ಕಾದೆ.

ಅಷ್ಟರಲ್ಲಿ ಹೊರಗಿನಿಂದ ಕೂಗು ಕೇಳಿಸಿತು. ಪಕ್ಕದ ಮನೆಯ ನಿವೃತ್ತ ಪೋಸ್ಟ್‌ಮಾಸ್ಟರು. 'ಯಾರಾದ್ರೂ ಬನ್ರಪ್ಪಾ, ಶೀಟು ಏಳ್ತಾ ಇದೆ, ಹಗ್ಗ ಹಿಡೀರಿ!' ಎರಡು ಸಲ ಕೂಗಿದರು, ಮೂರನೆಯ ಸಲ ನನ್ನನ್ನೇ ಕರೆದರು, 'ಟೈಲರೇ!' ಎಂದು. ಅವಳು ನನ್ನ ಮಣಿಕಟ್ಟನ್ನು ಹಿಡಿದಿದ್ದಳು. ನಾನು ಏಳಲಿಲ್ಲ. ಅವರ ಕೊಟ್ಟಿಗೆಯ ಶೀಟು ಹಾರಿಹೋಗಿ ರಸ್ತೆಯಾಚೆ ಬಿತ್ತು. ದೇವರ ದಯೆ, ಯಾರಿಗೂ ಏನೂ ಆಗಲಿಲ್ಲ.

ಮರುದಿನ ಅಡುಗೆಮನೆಯ ನೀರು ಬಳಿಯುತ್ತಾ ಸೂರಿನ ತಪ್ಪು ನನ್ನದು ಎಂದು ಒಪ್ಪಿಕೊಂಡೆ. ಯಾಕೆ ಮೊಳ ಬಿಡಿಸಿದೆ ಎನ್ನುವುದನ್ನೂ ಹೇಳಿದೆ, ಹೊಟ್ಟೆಕಿಚ್ಚಿನ ಮಾತನ್ನೂ ಸೇರಿಸಿ. ಬೈಯುತ್ತಾಳೆ ಅಂದುಕೊಂಡರೆ, ಕೈಯಲ್ಲಿದ್ದ ಬಟ್ಟೆ ಹಿಂಡಿ ಬಕೆಟ್ಟಿನ ಅಂಚಿಗೆ ಹಾಕಿ ನೆಲದಲ್ಲೇ ಕೂತಳು.

'ಸೂರು ಹೋದ್ರೆ ಹೋಯ್ತು, ಕಟ್ಟಿಸ್ಕೊಳ್ಳೋಣ' ಎಂದಳು. 'ಅವರು ಕಟ್ಟಿದ ಮಾಡು ಅವರಿರೋ ತನಕ ಒಂದು ದಿನಾನೂ ಸೋರಲಿಲ್ಲ ನಿಜ. ಆದ್ರೆ ಗಾಳಿ ಬಂದಾಗೆಲ್ಲ ಅದರ ಕೆಳಗೆ ನಾನೊಬ್ಳೇ ಇರ್ತಿದ್ದೆ. ಅವರು ಇನ್ಯಾರದೋ ಮಾಡಿನ ಮೇಲೆ. ಆ ದಿನಾನೂ ಹೀಗೇ ಯಾರೋ ಕೂಗಿದ್ರು. ನಾನು ಕೈ ಹಿಡ್ಕೊಂಡೆ. ಬಿಡಿಸ್ಕೊಂಡು ಹೋದ್ರು, ವಾಪಸ್ ಬರಲಿಲ್ಲ.' ಬಕೆಟ್ಟಿನ ಅಂಚಿನ ಬಟ್ಟೆಯನ್ನು ಮತ್ತೊಮ್ಮೆ ಹಿಂಡಿದಳು. 'ನಿನ್ನೆ ನೀವು ಬಿಡಿಸ್ಕೊಳ್ಳಲಿಲ್ಲ. ಇಷ್ಟು ವರ್ಷದಲ್ಲಿ ಇದು ನಮ್ಮಿಬ್ರ ಮನೆ ಅಂತ ನನಗೆ ಅನ್ನಿಸಿದ್ದು ನಿನ್ನೆಯೇ.' ಆಮೇಲೆ ಅತ್ತಳು. ನಿಮಗಾಗಿ ಅತ್ತಳೋ ನನಗಾಗಿಯೋ ನಾನು ಕೇಳಲಿಲ್ಲ. ವಿಚಿತ್ರ ನೋಡಿ, ನಾನು ನಿಮ್ಮ ಪರ ವಹಿಸಿ ಮಾತಾಡಿದೆ. 'ಕೂಗಿದವರ ಪ್ರಾಣ ಉಳಿಸೋಕೆ ಹೋದವರು, ಹಾಗನ್ನಬೇಡ' ಎಂದೆ. ಅದಕ್ಕೆ ಇನ್ನಷ್ಟು ಅತ್ತಳು.

ಮೂರು ವರ್ಷ ಕಾದಿದ್ದ ಮಾತು ಸಿಕ್ಕಿತು. ಕುಣಿದಾಡಬೇಕಿತ್ತು. ಆದರೆ ಐದು ದಿನದಿಂದ ನಾನು ಅವಳ ಕಣ್ಣು ತಪ್ಪಿಸಿ ಅಂಗಡಿಯಲ್ಲೇ ಕೂರುತ್ತಿದ್ದೇನೆ, ಯಾಕೆಂದರೆ ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತು. ಅವಳ ಕೈಗೆ ಬೆಲೆ ಕೊಟ್ಟು ನಾನು ಕೂತದ್ದಲ್ಲ, ಅಣ್ಣ. ನನಗೆ ಹೆದರಿಕೆ. ಅವಳು ಕೈ ಹಿಡಿಯದಿದ್ದರೂ ನಾನು ಏಳುತ್ತಿರಲಿಲ್ಲ, ಪೋಸ್ಟ್‌ಮಾಸ್ಟರು ನೂರು ಸಲ ಕೂಗಿದ್ದರೂ ಏಳುತ್ತಿರಲಿಲ್ಲ. ನಿಮ್ಮ ಎದುರು ನಾನು ಗೆದ್ದ ಒಂದೇ ಒಂದು ಗೆಲುವು ನನ್ನ ಪುಕ್ಕಲುತನದ್ದು. ಇದನ್ನು ಅವಳಿಗೆ ಹೇಳಿದರೆ ಸಿಕ್ಕಿದ್ದೂ ಹೋಗುತ್ತದೆ, ಹೇಳದಿದ್ದರೆ ಕದ್ದ ಮಾಲಿನಂತೆ ಒಳಗೇ ಭಾರ. ಗಟ್ಟಿ ಎದೆಯಿದ್ದೂ ನೀವು ಅವಳನ್ನು ಒಂಟಿ ಮಾಡಿ ಹೋದಿರಿ ಎಂಬ ಸಿಟ್ಟೂ ಇದೆ. ಅಂಥ ಎದೆ ನನಗಿಲ್ಲವಲ್ಲ ಎಂಬ ಉರಿಯೂ ಹಾಗೇ ಇದೆ.

ಹಿರಿಯರು ನೀವು, ವಯಸ್ಸಿನಲ್ಲಿ ಅಲ್ಲದಿದ್ದರೂ. ಈ ಗುಟ್ಟನ್ನು ನಿಮ್ಮ ಹತ್ತಿರ ಇಟ್ಟುಕೊಳ್ಳಿ. ಮತ್ತೆ ಗಾಳಿ ಎದ್ದು, ಹೊರಗಿನಿಂದ ಯಾರಾದರೂ ನನ್ನನ್ನು ಕೂಗಿದ ದಿನ, ನಿಮಗಿದ್ದ ಧೈರ್ಯ ನನಗೆ ಬಾರದಿರಲಿ ಎಂದು ಹರಸಿ.

ನೀವಿರುವಲ್ಲಿ ಗಾಳಿ ತಣ್ಣಗಿರಲಿ.

ಇಂತಿ,
ನಿಮ್ಮ ನಂತರ ಬಂದವನು