ಬಾರದ ಇಂಜೆಕ್ಷನ್

೧೪ ಜುಲೈ ೨೦೨೫, ಸೋಮವಾರ

ಇವತ್ತೂ ಇಂಜೆಕ್ಷನ್ ಬರಲಿಲ್ಲ. ಮಗಳು ತೃಷಾಳ ರಕ್ತದ ಕ್ಯಾನ್ಸರಿಗೆ ಇದು ಐದನೆಯ ಡೋಸ್, ಶುಕ್ರವಾರವೇ ಆಗಬೇಕಿತ್ತು. "ಎಲ್ಲಿಯೂ ಸ್ಟಾಕ್ ಇಲ್ಲ. ನಾವು ಎಂತ ಮಾಡುವುದು ಹೇಳಿ?" ಎಂದರು ಡಾಕ್ಟರು. ತಡವಾದರೆ ಏನಾಗುತ್ತದೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ನನ್ನ ಗಂಡ ಬಂದರಿನ ಕೆಲಸ ಬಿಟ್ಟು ಬಂದು ಹಂಪನಕಟ್ಟೆಯ ಮೆಡಿಕಲ್‌ಗಳನ್ನೆಲ್ಲ ಹತ್ತಿ ಇಳಿದರು. ಸಿಗಲಿಲ್ಲ.

ಸಂಜೆ ತಂಗಿ ವಿಜೇತಾಳಿಗೆ ಫೋನ್ ಮಾಡಿದೆ. ಅವಳು ಐರ್ಲೆಂಡಿನಲ್ಲಿ ಮಕ್ಕಳ ಕ್ಯಾನ್ಸರ್ ವಾರ್ಡಿನ ನರ್ಸ್.

"ಅಲ್ಲಿ ಈ ಮದ್ದು ಇಲ್ಲ ಅಂತ ಆಗುವುದುಂಟಾ?"

"ನಾನು ನೋಡ್ಲಿಲ್ಲ ಅಕ್ಕ."

"ಹಾಗಾದ್ರೆ ಒಂದು ಕಳಿಸು ಮಾರಾಯ್ತಿ."

"ಹಾಗೆಲ್ಲ ಕಳಿಸ್ಲಿಕ್ಕೆ ಬಿಡುದಿಲ್ಲ ಅಕ್ಕ. ದಾರಿಯಲ್ಲಿ ಬಿಸಿಯಾದ್ರೆ ಮದ್ದೇ ಹಾಳು."

ಅವಳ ವಾರ್ಡಿನ ಮಕ್ಕಳಲ್ಲಿ ಎಷ್ಟು ಮಂದಿ ಗುಣವಾಗುತ್ತಾರೆ ಎಂದು ಕೇಳಿದೆ. ಹೆಚ್ಚಿನವರೆಲ್ಲ ಎಂದಳು. ಇಲ್ಲಿ ಎಷ್ಟು ಮಂದಿ ಎಂದೆ. ಅವಳು ಅಳತೊಡಗಿದಳು.

ಈ ಮಗುವನ್ನು ಅಲ್ಲಿ ಹೆತ್ತಿದ್ದರೆ ಎಂಬ ಯೋಚನೆ ಆಗಿನಿಂದ ನನ್ನನ್ನು ಬಿಡುತ್ತಿಲ್ಲ.

ಮಲಗುವ ಮೊದಲು ತೃಷಾ ದೇವರ ಫೋಟೋದ ಎದುರು ನಿಂತಳು. ಕೂದಲಿಲ್ಲದ ತಲೆ ಬಗ್ಗಿಸಿ, "ನಾಳೆ ಕೂಡ ಇಂಜೆಕ್ಷನ್ ಬರುದು ಬೇಡ ದೇವರೇ" ಎಂದಳು. ಆಮೇಲೆ ನನ್ನ ಸೆರಗು ಎಳೆದು, "ಅಮ್ಮ, ನೀನು ಕೂಡ ಹೇಳು" ಎಂದಳು.

ಕೈ ಮುಗಿದೆ. ನಾನು ಬೇಡಿಕೊಂಡದ್ದು ಬೇರೆ. ಆದರೆ ಮಕ್ಕಳ ಮಾತನ್ನೇ ದೇವರು ಮೊದಲು ಕೇಳುವುದಾದರೆ, ನಾಳೆಯೂ ಇಂಜೆಕ್ಷನ್ ಬರಲಿಕ್ಕಿಲ್ಲ.