ಕೂತರೆ ಧಣಿ, ನಿಂತರೆ ಮನೆ ಮಾಲೀಕ

ಶನಿವಾರ, ಸಂಜೆ

ಅಕ್ಕನಿಗೆ,

ಇಲ್ಲ ಅಕ್ಕಾ, ನಮ್ಮ ಧಣಿ ದೇವರಂಥ ಮನುಷ್ಯ ಅಲ್ಲ. "ಕೆಲಸ ಕೊಟ್ಟಿದ್ದಾರೆ, ಇರೋಕೆ ರೂಮೂ ಕೊಟ್ಟಿದ್ದಾರೆ, ಇನ್ನೇನೋ ಬೇಕು ನಿನಗೆ?" ಅಂತ ಬರೆದಿದ್ದೀಯಲ್ಲ, ಎರಡನ್ನೂ ಒಬ್ಬನೇ ಕೊಟ್ಟಿರೋದೇ ತೊಂದರೆ.

ಉತ್ತರ ತಡವಾಯ್ತು, ಬೈಕೋಬೇಡ. ನಿನ್ನ ಕಾಗದ ಓದಿ ಸಿಟ್ಟು ಬಂದು ಹಾಸಿಗೆ ಕೆಳಗೆ ತುರುಕಿದ್ದೆ. ಅಮ್ಮ ಎರಡೇ ರಾತ್ರಿಗೆ ನಿನ್ನ ಮನೆಗೆ ವಾಪಸ್ ಬಂದಳು ಅಂತ, "ಹೆತ್ತ ತಾಯಿನ ನಾಲ್ಕು ದಿನ ಇಟ್ಕೊಳ್ಳೋಕಾಗಲಿಲ್ವಲ್ಲೋ ನಿನಗೆ" ಅಂತ ಕೇಳಿದ್ದೀಯ. ಅದಕ್ಕೆ ಆಮೇಲೆ ಬರ್ತೀನಿ. ಪುಟ್ಟಿಗೆ ಹಲ್ಲು ಬಂತಾ? ಭಾವನ ಸೊಂಟ ನೋವು ಹೇಗಿದೆ?

ನಾನು ಇವನ ಮರಗೆಲಸದ ಅಂಗಡೀಲಿ ದಿನವಿಡೀ ಊರವರಿಗೆಲ್ಲ ಬಾಗಿಲು ಮಾಡ್ತೀನಿ. ಅಂಗಡಿ ಮೇಲಿರೋ ನನ್ನ ರೂಮಿನ ಬಾಗಿಲು ಮಾತ್ರ ಮುಚ್ಚಲ್ಲ. ಚೌಕಟ್ಟಿಗೆ ಸಿಕ್ಕಿಕೊಂಡು ಒಂದು ಗೇಣು ತೆರೆದೇ ನಿಲ್ಲುತ್ತೆ. ಅದರ ರಿಪೇರಿಗೆ ಅಂತ ಪ್ರತಿ ತಿಂಗಳು ಸಂಬಳದಲ್ಲಿ ಮುರ್ಕೋತಾನೆ, ರಿಪೇರಿ ಮಾತ್ರ ಇಲ್ಲ. "ನಾನೇ ಒಂದು ಗಳಿಗೇಲಿ ಉಜ್ಜಿ ಸರಿ ಮಾಡ್ಕೋತೀನಿ ಧಣಿ" ಅಂದರೆ, "ಅಂಗಡಿ ಉಜ್ಜುಗೊರಡು ಅಂಗಡಿ ಕೆಲಸಕ್ಕಪ್ಪಾ" ಅಂತಾನೆ.

ಅವನು ಸಂಬಳ ಕೊಡೋ ವೈಖರಿ ನೀನು ನೋಡಬೇಕು. ಕುರ್ಚಿಯಲ್ಲಿ ಕೂತು, ಬೆರಳಿಗೆ ಎಂಜಲು ಹಚ್ಚಿ ಎಣಿಸಿ, ಪೂರಾ ಸಂಬಳ ಕೈಗಿಡ್ತಾನೆ. "ಧಣಿ ಒಂದು ಪೈಸೆ ಉಳಿಸ್ಕೊಂಡಿಲ್ಲ, ನೋಡ್ಕೋ." ಆಮೇಲೆ ಎದ್ದು, ಮೇಜು ಸುತ್ತಿ ಬಂದು, ನನ್ನ ಪಕ್ಕ ನಿಂತು ಕೈ ಚಾಚ್ತಾನೆ. ಈಗ ಅವನು ಮನೆ ಮಾಲೀಕ! ಇವತ್ತೂ ಹಾಗೇ, ಬಾಡಿಗೆ ಕೊಟ್ಟೆ. ಬಾಗಿಲಿಗೆ ಕೊಟ್ಟೆ. ಮೆಟ್ಟಿಲು ಸವೆತಕ್ಕೂ ಕೊಟ್ಟೆ. ಅವನ ಕೆಲಸಕ್ಕೇ ಇಳಿದು ಬರೋ ಮೆಟ್ಟಿಲು ಅಕ್ಕಾ, ಹಾರ್ಕೊಂಡು ಬರ್ಲಾ?

"ಇದು ಅನ್ಯಾಯ ಅಲ್ವಾ ಧಣಿ?" ಅಂದೆ.

"ಧಣಿ ಈಗಿಲ್ಲಪ್ಪಾ, ಅಂಗಡಿ ಮುಚ್ಚಿದೆ" ಅಂತ ಹಲ್ಲು ಕಿರಿದ.

ಪಾಲಿಶ್ ಹಚ್ಚೋ ಅಣ್ಣ ನನ್ನ ಹಿಂದೆ ನಿಂತಿದ್ದ. "ಇಬ್ಬರನ್ನೂ ಕೂಡಿಸಿದ್ರೂ ಒಬ್ಬ ಮನುಷ್ಯ ಆಗಲ್ಲ ಬಿಡೋ" ಅಂದ, ಮೆಲ್ಲಗೆ.

ಆಗ ಮಾಲೀಕ ಇನ್ನೊಂದು ನೋಟು ಎಳೆದ. ಯಾಕೆ ಅಂತಲೂ ಹೇಳಿದ. ಕೇಳಿದ್ದೇ ತಡ, ಅವನ ಕಣ್ಣೆದುರೇ ಉಜ್ಜುಗೊರಡು ತಗೊಂಡು ಮೆಟ್ಟಿಲು ಹತ್ತಿ, ಬಾಗಿಲು ಬಿಚ್ಚಿ, ಅಂಚು ಉಜ್ಜಿ ಮತ್ತೆ ಕೂರಿಸಿದೆ. ಅವನು ಏದುಸಿರು ಬಿಡ್ತಾ ಮೇಲೆ ಬರೋ ಹೊತ್ತಿಗೆ ಚೀಲಕ್ಕೆ ಬಟ್ಟೆ ತುಂಬ್ತಿದ್ದೆ.

"ಏನೋ, ಖಾಲಿ ಮಾಡ್ತಿದ್ದೀಯಾ? ಸೋಮವಾರ ಕೆಲಸಕ್ಕೆ ಬರ್ತೀಯೋ ಇಲ್ವೋ?"

"ಅದನ್ನ ಕೆಲಸಗಾರನ್ನ ಕೇಳಿ ಸ್ವಾಮಿ. ನಾನು ಬಾಡಿಗೆದಾರ. ಅಂಗಡಿ ಮುಚ್ಚಿದೆ."

ಉಜ್ಜುಗೊರಡು ಎತ್ತಿಕೊಂಡು, ಅದಕ್ಕೆ ಏನಾದರೂ ಆಗಿದೆಯಾ ಅಂತ ತಿರುಗಿಸಿ ತಿರುಗಿಸಿ ನೋಡ್ತಾ ಇಳಿದು ಹೋದ. ಅಷ್ಟೇ ಅವನ ಯೋಗ್ಯತೆ.

ಹೌದು, ಕೆಲಸ, ಸೂರು ಎರಡೂ ಒಂದೇ ಏಟಿಗೆ ಹೋಯ್ತು. ಇವತ್ತು ಪಾಲಿಶ್ ಅಣ್ಣನ ಮನೆಯಲ್ಲಿ ಮಲಗ್ತೀನಿ, ಆಮೇಲೆ ಬೇರೆ ಅಂಗಡಿ ಹುಡುಕ್ತೀನಿ. ದುಡ್ಡು ಕಳಿಸೋದು ಸ್ವಲ್ಪ ತಡ ಆಗುತ್ತೆ, ಭಾವನಿಗೆ ಹೇಳು. ಪುಟ್ಟಿಗೆ ಮಾವನ ಮುತ್ತು. ಚೆನ್ನಾಗಿ ಬೆಳೀಲಿ, ಯಾರ ಮುಂದೆಯೂ ಕೈಕಟ್ಟಿ ನಿಲ್ಲೋ ಹಾಗಾಗದಿರಲಿ.

ನಿನ್ನ ತಮ್ಮ

ಮರೆತಿದ್ದೆ ಅಂತಲ್ಲ, ಬರೆಯೋಕೆ ಕೈ ಬರ್ತಿರಲಿಲ್ಲ. ಮಾಲೀಕ ಎಳೆದ ಆ ಕೊನೆಯ ನೋಟು ಅಮ್ಮನ ಲೆಕ್ಕದ್ದು. "ನಿಮ್ಮಮ್ಮ ಎರಡು ರಾತ್ರಿ ಮಲಗಿದ್ರಲ್ಲ, ಅದರ ಬಾಬ್ತು" ಅಂದ. "ನೀನು ಕೆಳಗೆ ಕೆಲಸದಲ್ಲಿದ್ದೆ. ಬಾಗಿಲು ಹೇಗೂ ತೆರೆದೇ ಇತ್ತು, ಒಳಗೆ ಹೋಗಿ ಅವರಿಗೇ ಹೇಳಿದ್ದೆ, ಇದ್ದಷ್ಟು ರಾತ್ರಿಗೂ ಮಗನ ಸಂಬಳದಲ್ಲಿ ಮುರ್ಕೋತೀನಿ ಅಂತ. ಪಾಪ, ತಿಳಿದ ಹೆಂಗಸು. ಮಾರನೇ ಬೆಳಿಗ್ಗೆನೇ ಹೊರಟ್ರು."

ನನಗೆ ಅಮ್ಮ ಹೇಳಿದ್ದು, "ಹೊಸ ಜಾಗ ಕಣೋ, ನಿದ್ದೆ ಬರಲ್ಲ" ಅಂತ. ಅದನ್ನೇ ನಂಬಿ ಬಸ್ಸು ಹತ್ತಿಸಿ ಬಂದಿದ್ದೆ. ನಿನಗೂ ಅವಳು ಹೇಳಿಲ್ಲ ಅಂದಮೇಲೆ, ನನಗೆ ಗೊತ್ತಾಗಿದ್ದು ಅವಳಿಗೆ ಗೊತ್ತಾಗೋದು ಬೇಡ.

ನಿಂತೇ ಬರೀತಿದ್ದೀನಿ, ಚೀಲ ಹೆಗಲ ಮೇಲಿದೆ. ಇದನ್ನ ಮಡಚಿ ಜೇಬಿಗಿಟ್ಟು, ಆಚೆ ಹೋಗಿ ಬಾಗಿಲು ಎಳ್ಕೋತೀನಿ. ಈಗ ಮುಚ್ಚುತ್ತೆ.