ಪಟಾಕಿಯ ರಬ್ಬರ್ ಹೃದಯ

ಮಾರ್ಚ್ 3, ಮಂಗಳವಾರ, ಸಂಜೆ

ಬೆಳಿಗ್ಗೆಯಿಂದ ಸಿಮ್ಯುಲೇಶನ್ ರೂಮು, ಆಪರೇಷನ್ ಅಭ್ಯಾಸಕ್ಕೆ. ಟ್ರೇಯಲ್ಲಿ ಮೆತ್ತನೆಯ ರಬ್ಬರ್ ಹೃದಯ — ನಿಂಬೆಹಣ್ಣಿನಷ್ಟು. ವಾರ್ಡಿನಲ್ಲಿರುವ ಐದು ತಿಂಗಳ ಮಗುವಿನ ಸ್ಕ್ಯಾನ್ ನೋಡಿ ತ್ರೀಡಿ ಪ್ರಿಂಟ್ ಮಾಡಿದ್ದು. ತೂತು ಕೂಡ ಇದ್ದಲ್ಲೇ ಇದೆ. ಪ್ರಿಂಟರ್ ನೋಡಿಕೊಳ್ಳುವವನಿಗೆ ನಾವಿಟ್ಟ ಹೆಸರು ಕುಂಬಾರ. ಕೊಡುವಾಗ ಅಂದ, "ಬೀಳಿಸ್ಬೇಡಿ ಡಾಕ್ಟ್ರೇ, ಗ್ಯಾರಂಟಿ ಇಲ್ಲ."

ದೊಡ್ಡವರ — ನಮ್ಮ ಚೀಫ್ ಸರ್ಜನ್ — ನಿಯಮ ಒಂದೇ. ತೂತಿಗೆ ತೇಪೆ ಹೊಲಿ, ನೀರು ತುಂಬಿಸು. ಸತತ ಮೂರು ಸಲ ಹನಿಯೂ ಸೋರದಿದ್ದರೆ ನಿಜವಾದ ಮಗುವಿಗೆ ನೀನೇ ಹೊಲಿ. ಇಂದಿಗೆ ಎರಡಾಯಿತು. ಮೂರು ವರ್ಷ ಪಕ್ಕದಲ್ಲಿ ನಿಂತು ದಾರ ಹಿಡಿದದ್ದು ಸಾಕು.

ಮಗುವನ್ನು ನರ್ಸುಗಳು ಕರೆಯುವುದು ಪಟಾಕಿ ಎಂದು. ಅತ್ತರೆ ಇಡೀ ಮಹಡಿಗೆ ಕೇಳಿಸುತ್ತದೆ. ತುಟಿ ನೀಲಿಯೂ ಆಗುತ್ತದೆ. ಅಮ್ಮ ಬಸ್ಸು ಓಡಿಸುವವಳು. ರಬ್ಬರ್ ಹೃದಯ ತೋರಿಸಿದೆ. ಅಂಗೈಯಲ್ಲಿಟ್ಟು ತಿರುಗಿಸಿದಳು. "ಇಷ್ಟೇನಾ? ಇಷ್ಟು ಇಟ್ಕೊಂಡು ಅಷ್ಟು ಗಲಾಟೆ ಮಾಡ್ತಾಳಾ ಇವಳು?"

ಮಾರ್ಚ್ 4, ಬುಧವಾರ

ಸೋರಿತು. ಕೊನೆಯ ಹೊಲಿಗೆಯ ಹತ್ತಿರ. ಮತ್ತೆ ಸೊನ್ನೆಯಿಂದ ಶುರು.

ದೊಡ್ಡವರು ಕೈ ತೊಳೆಯುತ್ತ ಕೇಳಿದರು, "ಮಗು ನಾಳೆ ಲಿಸ್ಟಲ್ಲಿದೆ. ನಾನೇ ಮುಗಿಸ್ಲಾ? ಸ್ಟೇಬಲ್ ಇದೆ, ಸೋಮವಾರದ ತನಕ ಕಾಯ್ಬಹುದು. ಅಷ್ಟರಲ್ಲಿ ಮೂರು ಮುಗಿಸಿದ್ರೆ ನೀನೇ ಮಾಡು. ಏನಂತೀಯ?"

ಹಿಂದೆಮುಂದೆ ನೋಡಲಿಲ್ಲ. "ಸೋಮವಾರ, ಸರ್."

ಪಟಾಕಿಯ ಅಮ್ಮನಿಗೆ ಹೇಳಿದ್ದೇ ಬೇರೆ — ಇನ್ನೂ ಸ್ವಲ್ಪ ತಯಾರಿ ಬೇಕು, ಮಗುವಿಗೇ ಒಳ್ಳೆಯದು. "ನಿಮಗೆ ಹೇಗೆ ಸರಿ ಅನ್ಸುತ್ತೋ ಹಾಗೆ ಮಾಡಿ" ಅಂದಳು. ಥ್ಯಾಂಕ್ಸ್ ಕೂಡ ಹೇಳಿದಳು.

ಮಾರ್ಚ್ 6, ಶುಕ್ರವಾರ

ಮೂರು! ನಿನ್ನೆ ಎರಡು, ಇಂದು ಒಂದು. ಟಿಶ್ಯೂ ಒತ್ತಿ ನೋಡಿದೆ, ಒಂದು ಹನಿ ಇಲ್ಲ. ಕುಂಬಾರನನ್ನು ಎಳೆದು ತಂದು ತೋರಿಸಿದೆ. "ಪಾರ್ಟಿ ಯಾವಾಗ?" ಅಂದ. ಸೋಮವಾರ ಪಟಾಕಿ ಥಿಯೇಟರಿನಿಂದ ಹೊರಗೆ ಬರಲಿ, ಆಮೇಲೆ ಅಂದೆ. ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ.

ಮಾರ್ಚ್ 7, ಶನಿವಾರ, ಮಧ್ಯಾಹ್ನ 3

ಪಟಾಕಿ ಹೋದಳು.

ಹಾಲು ಕುಡಿಯುತ್ತಿದ್ದವಳು ಅಳತೊಡಗಿದಳಂತೆ. ತುಟಿ, ಉಗುರು, ಮುಖ... ನೀಲಿ ಇಳಿಯಲೇ ಇಲ್ಲ. ಓಡಿಹೋದೆ. ಎದೆ ಒತ್ತಿದೆ, ಎರಡೇ ಬೆರಳಲ್ಲಿ. ಒಳಗೆ ಯಾವುದು ಎಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳಬಲ್ಲೆ. ಏನು ಪ್ರಯೋಜನ.

"ಹೀಗಾಗುತ್ತೆ ಅಂತ ಯಾರಿಗೆ ಗೊತ್ತಿತ್ತು" ಅಂದರು ದೊಡ್ಡವರು. ನನ್ನ ಮುಖ ನೋಡಲಿಲ್ಲ.

ಮಾರ್ಚ್ 16, ಸೋಮವಾರ

ಪಟಾಕಿಯ ಅಮ್ಮ ಬಂದಿದ್ದಳು, ಡ್ಯೂಟಿ ಬಟ್ಟೆಯಲ್ಲೇ. "ಆ ರಬ್ಬರಿಂದು ಕೊಡ್ತೀರಾ?" ಹೊಸ ಪ್ರಿಂಟ್ ತೆಗೆದೆ. ಬೇಡ ಅಂದಳು. "ಹೊಲಿದಿದ್ದೇ ಕೊಡಿ."

ಕೊಟ್ಟೆ. ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಸೋರಲ್ವಾ?"

"ಇಲ್ಲ."

"ಯಾವತ್ತು ಹೊಲಿದಿದ್ದು?"

"ಶುಕ್ರವಾರ."

"ಗುರುವಾರ ಆಪರೇಷನ್ ಅಂದಿದ್ರಿ. ಆಮೇಲೆ ಯಾಕೆ ಬೇಡ ಅಂದ್ರಿ?"

ತಯಾರಿ ಅಂದೆ. ಮತ್ತೆ ಅದೇ ಮಾತು. ಯಾರ ತಯಾರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆನೇ? ಇಲ್ಲ. ಹೇಡಿ ನಾನು. ಹೃದಯವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದಳು.

ಮಾರ್ಚ್ 28, ಶನಿವಾರ

ದೊಡ್ಡವರ ಅಪ್ಪಣೆ: ಅಪರೂಪದ ಹೃದಯ, ಹನ್ನೆರಡು ಪ್ರಿಂಟ್ ಹಾಕಿಸು, ಹೊಸಬರಿಗೆ ನೀನೇ ಕಲಿಸು. ಆಗುವುದಿಲ್ಲ ಅನ್ನಬೇಕಿತ್ತು. ಅನ್ನಲಿಲ್ಲ. ಕುಂಬಾರ ಪೆಟ್ಟಿಗೆ ಇಟ್ಟು ಹೋದ, ಗ್ಯಾರಂಟಿ ಮಾತು ಆಡಲಿಲ್ಲ.

ಹನ್ನೆರಡು ಟ್ರೇ, ಹನ್ನೆರಡು ಪಟಾಕಿ. ಒಂದೂ ಅಳಲಿಲ್ಲ. ಎಲ್ಲರೂ ಹೊಲಿದರು, ನೀರು ತುಂಬಿಸಿದರು. ಒಬ್ಬಳದ್ದು ಸೋರಿತು. "ಪರವಾಗಿಲ್ಲ, ಅವಸರ ಏನಿದೆ, ಇನ್ನೊಂದು ಸಲ ಮಾಡು" ಅಂದೆ. ಅಂದವಳು ನಾನೇ.

ಅವಳು ತಲೆಯೆತ್ತಿದಳು. "ಮೇಡಂ, ಈ ಮಗು ಈಗ ಹೇಗಿದೆ?"

ಉಳಿದವರೂ ಸೂಜಿ ಕೆಳಗಿಟ್ಟು ನನ್ನತ್ತ ತಿರುಗಿದರು. ಬಾಯಿ ತೆರೆದೆ. ಅಂದದ್ದು — "ಇಲ್ಲ. ನಾನು ಕಲಿಯೋ ತನಕ ಕಾಯ್ತಾ ಹೋದಳು."